ರಾತ್ರಿ ಒಂದು ಗಂಟೆಗೆ ನಮ್ಮ ಜೊತೆ ಬನ್ನಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ವಂದನೆಗಳು.

ನಾನು ಮಂಜೇಶ್ವರ ತಾಲೂಕಿನವನು, ಯಕ್ಷಗಾನದ ಚೆಂಡೆವಾದಕ. ದೀಪಾವಳಿ ಕಳೆದು ಮೇಳ ಹೊರಟರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ, ಅಂದರೆ ಹೆಚ್ಚುಕಡಿಮೆ ಆರು ತಿಂಗಳು, ನನ್ನ ದಿನ ಸಂಜೆಗೆ ಶುರುವಾಗಿ ನಡುರಾತ್ರಿ ಕಳೆದ ಮೇಲೆ ಮುಗಿಯುತ್ತದೆ. ಹಿಂದೆ ಬೆಳಗಿನವರೆಗೆ ಆಟ ಇದ್ದ ಕಾಲದಲ್ಲಿ ಮಂಗಳ ಆದ ಮೇಲೆ ಬಣ್ಣ ಹಚ್ಚುವ ಚೌಕಿಯಲ್ಲೇ ಸ್ವಲ್ಪ ಕಾಲು ಚಾಚಿ ಮೊದಲ ಬಸ್ಸಿಗೆ ಮನೆಗೆ ಬರುತ್ತಿದ್ದೆವು. ಈಗ ಕಾಲಮಿತಿ. ಹನ್ನೆರಡೂವರೆಗೆ ಆಟ ಮುಗಿಯುತ್ತದೆ, ಆ ಹೊತ್ತಿಗೆ ಬಸ್ಸಿಲ್ಲ. ಹಿಮ್ಮೇಳದವರು, ವೇಷಧಾರಿಗಳು, ಚೌಕಿಯ ಕೆಲಸದ ಹುಡುಗರು, ಎಲ್ಲರೂ ಬೈಕು ಹತ್ತುತ್ತೇವೆ. ಹಾಗಾಗಿ ನಮ್ಮ ಜಿಲ್ಲೆಯ ರಸ್ತೆಗಳನ್ನು ನಾನು ಹೆಚ್ಚು ನೋಡಿದ್ದು ರಾತ್ರಿ ಒಂದು ಗಂಟೆಗೆ, ಹೆಲ್ಮೆಟ್ಟಿನ ಗಾಜಿನೊಳಗಿಂದ. ಜಿಲ್ಲೆಯ ರಸ್ತೆ ಸುರಕ್ಷಾ ಮಂಡಳಿಗೆ ನೀವೇ ಅಧ್ಯಕ್ಷರು. ಅದಕ್ಕಾಗಿ ಈ ಪತ್ರ ನಿಮಗೆ.

ಒಂದು ರಾತ್ರಿಯ ಸಂಗತಿಯಿಂದಲೇ ಶುರು ಮಾಡುತ್ತೇನೆ. ಮೇ ತಿಂಗಳ ಮೊದಲ ಮಳೆ ಹನಿಯುತ್ತಿತ್ತು. ನಮ್ಮ ಮದ್ದಳೆಯವರು ಮುಂದೆ, ನಾನು ಅವರ ಹಿಂದೆ ಸ್ವಲ್ಪ ದೂರದಲ್ಲಿ. ಸಂಜೆ ಹೋಗುವಾಗ ನೇರ ಇದ್ದ ರಸ್ತೆಯನ್ನು ರಾತ್ರಿ ಬರುವಷ್ಟರಲ್ಲಿ ಮುಚ್ಚಿ ಎಡಕ್ಕೆ ತಿರುಗಿಸಿದ್ದರು. ಹಳೆಯ ಡಾಂಬರಿನ ಮೇಲಿನ ಬಿಳಿ ಗೆರೆ ಮಾತ್ರ ಹಾಗೇ ನೇರ ಓಡುತ್ತಿತ್ತು. ಮಳೆಯಲ್ಲಿ, ಎದುರಿನ ಲಾರಿಯ ಬೆಳಕಿನಲ್ಲಿ, ಯಾರಿಗಾದರೂ ಕಾಣುವುದು ಆ ಗೆರೆಯೊಂದೇ. ಅವರು ಅದನ್ನೇ ಹಿಡಿದು ಹೋದರು. ಗೆರೆ ಮುಗಿದಲ್ಲಿ ನಾಲ್ಕು ಮುರಕಲ್ಲು (ಮನೆ ಕಟ್ಟುವ ಕೆಂಪು ಕಲ್ಲು), ಒಂದು ಹಗ್ಗ, ಹಗ್ಗಕ್ಕೆ ಕಟ್ಟಿದ ರಿಬ್ಬನ್, ಕಾಂಕ್ರೀಟ್ ತುಂಬಿ ನಡುವೆ ಕೋಲು ನೆಟ್ಟ ಒಂದು ಪೈಂಟ್ ಡಬ್ಬ. ನಾನು ಬ್ರೇಕ್ ಹಿಡಿದು ಇಳಿಯುವಷ್ಟರಲ್ಲಿ ಅವರು ಕಲ್ಲಿನಾಚೆ ಬಿದ್ದಿದ್ದರು. ಜೀವ ಉಳಿಯಿತು. ಬಲಗೈಯ ಮಣಿಕಟ್ಟು ಮುರಿಯಿತು. ಮದ್ದಳೆ ಬಾರಿಸುವವನಿಗೆ ಬಲಗೈಯ ಮಣಿಕಟ್ಟು ಎಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳ ಹೋಯಿತು, ಮುಂದಿನ ವರ್ಷದ ತಿರುಗಾಟದ ಅರ್ಧವೂ ಹೋಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ನಾನು ಅಲ್ಲಿ ನಿಂತೆ. ‘ಡೈವರ್ಶನ್’ ಎಂಬ ಬೋರ್ಡು ಇತ್ತು. ಗಾಳಿಗೆ ಮುಖ ಅಡಿಯಾಗಿ ಬಿದ್ದಿತ್ತು. ಅದು ನಿಂತಿರಬೇಕಾದ ಜಾಗದಿಂದ ಕಲ್ಲಿನವರೆಗೆ ಹೆಜ್ಜೆ ಎಣಿಸಿದೆ: ಇಪ್ಪತ್ತಮೂರು. ಬೋರ್ಡು ನೆಟ್ಟಗೆ ನಿಂತಿದ್ದರೂ ಅದು ಯಾರನ್ನೂ ಉಳಿಸುತ್ತಿರಲಿಲ್ಲ. ಜಾಗ ಯಾವುದು, ಕೆಲಸ ಯಾರದು ಎಂದು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಆ ಒಂದು ಜಾಗಕ್ಕೆ ನಾಳೆ ಎರಡು ಡ್ರಮ್ಮು ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅದೇ ಕಲ್ಲು, ಅದೇ ಹಗ್ಗ, ಅದೇ ಡಬ್ಬವನ್ನು ನಾನು ಜಿಲ್ಲೆಯ ಉದ್ದಕ್ಕೂ ನೋಡಿದ್ದೇನೆ. ಹೆದ್ದಾರಿಯಲ್ಲಿ, ಒಳನಾಡಿನ ರಸ್ತೆಗಳಲ್ಲಿ, ನೀರಿನ ಪೈಪಿಗೆ ಅಗೆದ ಪಂಚಾಯತಿ ರಸ್ತೆಗಳಲ್ಲೂ.

ರಸ್ತೆ ಬೇಡ ಎನ್ನುವವನು ನಾನಲ್ಲ. ಹಿಂದಿನ ಹದಿನೇಳನೇ ನಂಬ್ರದ ಹೆದ್ದಾರಿ, ಈಗಿನ 66, ನಮ್ಮ ಜೀವನಾಡಿ. ದೊಡ್ಡ ಕಾಯಿಲೆ ಬಂದರೆ ನಮಗೆ ಮಂಗಳೂರೇ ಗತಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ದಾರಿ ಎಂದರೇನೆಂದು ಪ್ರತಿ ಮನೆಗೂ ತಿಳಿಯಿತು. 45 ಮೀಟರ್ ಅಗಲದ ಆರು ಪಥದ ರಸ್ತೆಗಾಗಿ ಜನ ಮನೆ, ಅಂಗಡಿ, ತೆಂಗಿನ ಮರ ಬಿಟ್ಟುಕೊಟ್ಟಿದ್ದಾರೆ. ಅಷ್ಟು ಕೊಟ್ಟವರು ರಸ್ತೆ ಮುಗಿಯುವವರೆಗೆ ಜೀವಂತವಾಗಿ ಓಡಾಡಬೇಕು ಎಂದು ಕೇಳುತ್ತಿದ್ದೇವೆ, ಅಷ್ಟೇ.

ಕೇಳಿದಾಗೆಲ್ಲ ನನಗೆ ಸಿಕ್ಕ ಉತ್ತರ ಒಂದೇ: “ಇದು ತಾತ್ಕಾಲಿಕ ಅಲ್ವಾ?” ಈ ಮಾತು ನನಗೆ ತುಂಬ ನೋವು ಕೊಡುತ್ತದೆ, ಏಕೆಂದರೆ ತಾತ್ಕಾಲಿಕ ಎಂದರೇನೆಂದು ನನ್ನ ಕಸುಬು ನನಗೆ ಕಲಿಸಿದೆ. ನಮ್ಮ ರಂಗಸ್ಥಳ ಒಂದು ರಾತ್ರಿಯದು. ಸಂಜೆ ಗದ್ದೆಯಲ್ಲಿ ಕಂಬ ಏಳುತ್ತದೆ, ಬೆಳಿಗ್ಗೆ ಅಲ್ಲಿ ಏನೂ ಇರುವುದಿಲ್ಲ. ಹಾಗಂತ ಯಾರೂ ಕಂಬವನ್ನು ಸಡಿಲ ನೆಡುವುದಿಲ್ಲ, ದೀಪ ಕಡಿಮೆ ಕಟ್ಟುವುದಿಲ್ಲ. ಕಿರೀಟ, ಭುಜಕೀರ್ತಿಗಳಲ್ಲಿ ಕನ್ನಡಿ ತುಂಡು, ಬೇಗಡೆ ಕೂರಿಸಿದ್ದು ಏಕೆ? ದೀವಟಿಗೆಯ ಬೆಳಕಿನ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತ ಅಜ್ಜಿಗೂ ವೇಷ ಹೊಳೆಯಬೇಕು ಎಂದು. ಹೆದ್ದಾರಿಯ ಡೈವರ್ಶನ್ ಒಂದು ರಾತ್ರಿಯದೂ ಅಲ್ಲ. ಕೆಲವು ಕಡೆ ಮೂರು ನಾಲ್ಕು ಮಳೆಗಾಲ ಕಂಡಿದೆ. ಅಷ್ಟು ಕಾಲ ಅದೇ ನಮ್ಮ ರಸ್ತೆ.

ನಿಯಮ ಇಲ್ಲವೆಂದಲ್ಲ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಈ ಒಂದೇ ವಿಷಯಕ್ಕೆ ಪ್ರತ್ಯೇಕ ಮಾರ್ಗಸೂಚಿ ಮಾಡಿದೆ. ಐಆರ್‌ಸಿ ಎಸ್‌ಪಿ 55 ಎಂದು ಅದರ ಹೆಸರು, 2001ರಲ್ಲಿ ಬಂತು, 2014ರಲ್ಲಿ ಪರಿಷ್ಕರಣೆ ಆಯಿತು. ನಮ್ಮೂರಿನ ಒಬ್ಬ ಎಂಜಿನಿಯರ್ ಹುಡುಗ ಕೂರಿಸಿಕೊಂಡು ನನಗೆ ಓದಿ ಹೇಳಿದ. ಕೆಲಸ ನಡೆಯುವ ಜಾಗವನ್ನು ಅದು ನಾಲ್ಕು ಭಾಗ ಮಾಡುತ್ತದೆ: ಮುಂದೆ ಕೆಲಸ ಇದೆ ಎಂದು ತಿಳಿಸುವ ಭಾಗ, ವಾಹನವನ್ನು ನಿಧಾನಕ್ಕೆ ಬೇರೆ ದಾರಿಗೆ ಸರಿಸುವ ಭಾಗ, ಕೆಲಸದ ಜಾಗ, ಕೊನೆಗೆ ಮತ್ತೆ ಮೂಲ ದಾರಿಗೆ ಸೇರಿಸುವ ಭಾಗ. ವಾಹನಗಳ ವೇಗ ಹೆಚ್ಚಿದಷ್ಟೂ ಮೊದಲ ಎರಡು ಭಾಗಗಳ ಉದ್ದ ಹೆಚ್ಚಬೇಕು. ನಮ್ಮಲ್ಲಿ ಬಹಳ ಕಡೆ ಮೂರನೆಯದು ಮಾತ್ರ ಇರುತ್ತದೆ. ಕೆಲಸ ಶುರುವಾಗುವ ಅಂಚಿನಲ್ಲೇ ಎಚ್ಚರಿಕೆಯೂ ನಿಂತಿರುತ್ತದೆ.

ಆ ಉದ್ದ ಯಾಕೆ ಬೇಕು ಎನ್ನುವುದಕ್ಕೆ ಲೆಕ್ಕ ಸುಲಭ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕೈ ಬ್ರೇಕಿಗೆ ಬರಲು ನಮ್ಮ ರಸ್ತೆ ಎಂಜಿನಿಯರುಗಳು ಲೆಕ್ಕ ಹಾಕುವುದು ಎರಡೂವರೆ ಸೆಕೆಂಡ್. ಬ್ರೇಕ್ ತಾಗುವ ಮೊದಲೇ 40 ಮೀಟರಿಗಿಂತ ಹೆಚ್ಚು ಹೋಗಿಯಾಯಿತು. ಪೂರ್ತಿ ನಿಲ್ಲಲು 60ರ ವೇಗಕ್ಕೆ 80 ಮೀಟರ್, 80ರ ವೇಗಕ್ಕೆ 120 ಮೀಟರ್ ಬೇಕೆಂದು ಅವರದೇ ಕೋಷ್ಟಕ ಹೇಳುತ್ತದೆ. ನನ್ನ ಹಳೆಯ ಬೈಕಿನ ಬೆಳಕು ಮಳೆಯಲ್ಲಿ ಮೂವತ್ತು ಮೀಟರ್ ತೋರಿಸಿದರೆ ಹೆಚ್ಚು. ಮಿಕ್ಕ ದೂರವನ್ನು ತೋರಿಸಿಕೊಡಬೇಕಾದದ್ದು ಬೋರ್ಡಿನ, ಕೋನಿನ ಹೊಳಪು. ಇಪ್ಪತ್ತಮೂರು ಹೆಜ್ಜೆ ಎಂದರೆ ಹದಿನೈದು ಹದಿನೆಂಟು ಮೀಟರ್.

ಆ ಹೊಳಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಮೋಸ ಆಗುವುದು ಅಲ್ಲಿ. ಪೈಂಟ್ ಹೊಳೆಯುವುದಿಲ್ಲ. ಕೆಂಪು ಬಿಳಿ ಪೈಂಟ್ ಬಳಿದ ಡ್ರಮ್ಮು ಹಗಲು ಚೆನ್ನಾಗಿ ಕಾಣುತ್ತದೆ, ಫೋಟೋದಲ್ಲಿ ಇನ್ನೂ ಚೆನ್ನಾಗಿ. ರಾತ್ರಿ ಅದು ಕತ್ತಲೆಯ ಒಂದು ತುಂಡು. ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವ ಹಾಳೆ ಬೇರೆ. ಅದರಲ್ಲೂ ದರ್ಜೆಗಳಿವೆ: ಗಾಜಿನ ಸಣ್ಣ ಮಣಿಗಳ ಅಗ್ಗದ ಹಾಳೆ ಒಂದು, ಸೂಕ್ಷ್ಮ ಪಟ್ಟಕಗಳ ದುಬಾರಿ ಹಾಳೆ ಇನ್ನೊಂದು. ಮೊದಲನೆಯದಕ್ಕಿಂತ ಎರಡನೆಯದು ಎಷ್ಟೋ ಪಟ್ಟು ಹೆಚ್ಚು ಬೆಳಕು ಹಿಂದಕ್ಕೆ ಕೊಡುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ಉಳಿದ ತಿಂಗಳು ಮುರಕಲ್ಲಿನ ಕೆಂಪು ಧೂಳು. ಟಿಪ್ಪರ್ ಓಡುವ ಜಾಗದಲ್ಲಿ ಒಂದು ವಾರದೊಳಗೆ ಎಂಥ ಒಳ್ಳೆಯ ಹಾಳೆಯೂ ಮಣ್ಣು ಮೆತ್ತಿ ಸತ್ತುಹೋಗುತ್ತದೆ. ಅದನ್ನು ಬದುಕಿಸಲು ಬೇಕಾದದ್ದು ಒಂದು ಬಾಲ್ದಿ ನೀರು, ಒಂದು ಬಟ್ಟೆ, ವಾರಕ್ಕೊಮ್ಮೆ ಅದನ್ನೇ ಕೆಲಸವಾಗಿ ಮಾಡುವ ಒಬ್ಬ ಮನುಷ್ಯ. ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಯಲ್ಲಿ ಆ ಒಬ್ಬ ಮನುಷ್ಯನ ಸಂಬಳಕ್ಕೆ ಜಾಗ ಇಲ್ಲವೇ?

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಎಚ್ಚರಿಕೆಗೆ ಇಟ್ಟ ವಸ್ತುವಿಗೆ ಯಾರಾದರೂ ಡಿಕ್ಕಿ ಹೊಡೆದೇ ಹೊಡೆಯುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿ ಅದನ್ನು ಮಾಡಬೇಕು. ಅಮೆರಿಕದಲ್ಲಿ ಇದಕ್ಕೆ ಪರೀಕ್ಷೆಗಳಿವೆ. 1993ರಲ್ಲಿ ಒಂದು ಮಾನದಂಡ ಬಂತು, 2009ರಲ್ಲಿ ಅದರ ಜಾಗಕ್ಕೆ ‘ಮ್ಯಾಶ್’ ಎಂಬುದು, 2016ರಲ್ಲಿ ಅದರ ಎರಡನೇ ಆವೃತ್ತಿ. ವೇಗದ ರಸ್ತೆಗಳ ಉಪಕರಣವಾದರೆ 1,100 ಕಿಲೋ ತೂಕದ ಸಣ್ಣ ಕಾರನ್ನೂ 2,270 ಕಿಲೋದ ಪಿಕಪ್ಪನ್ನೂ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ಗುದ್ದಿಸಿ ನೋಡುತ್ತಾರೆ. ವಸ್ತುವಿನ ತುಂಡು ಗಾಜು ಒಡೆದು ಒಳಗೆ ಬಂತೇ, ಕಾರು ಮಗುಚಿತೇ, ಪಕ್ಕದ ಕೆಲಸಗಾರನ ಮೇಲೆ ಹಾರಿತೇ ಎಂದು ಅಳೆಯುತ್ತಾರೆ. ಕೋನು, ಪ್ಲಾಸ್ಟಿಕ್ ಡ್ರಮ್ಮಿನಂಥ ಹಗುರ ವಸ್ತು ಒಂದು ವರ್ಗ, ಬ್ಯಾರಿಕೇಡು ಮತ್ತು ಬೋರ್ಡಿನ ಕಾಲುಗಳು ಇನ್ನೊಂದು, ಕಾಂಕ್ರೀಟ್ ತಡೆಗೋಡೆ ಮೂರನೆಯದು, ಬಾಣದ ದೀಪ ಹೊತ್ತ ಟ್ರೇಲರುಗಳು ನಾಲ್ಕನೆಯದು. ಕಬ್ಬಿಣದ ಡ್ರಮ್ಮು ಇಡುವಂತೆಯೇ ಇಲ್ಲ ಎಂದು ಅವರ ಸಂಚಾರ ಕೈಪಿಡಿ ಹೇಳುತ್ತದೆ. ಡ್ರಮ್ಮಿನ ತಲೆಯ ಮೇಲೆ ಭಾರ ಇಡಬಾರದು, ಭಾರ ಬುಡದಲ್ಲಿರಬೇಕು.

ನಮ್ಮಲ್ಲಿ ಕಬ್ಬಿಣದ ಡ್ರಮ್ಮಿನ ತಲೆಯ ಮೇಲೆ ಮುರಕಲ್ಲು ಕೂತಿರುತ್ತದೆ. ಕಾರು ಗುದ್ದಿದರೆ ಆ ಕಲ್ಲು ಹೋಗುವುದು ಎಲ್ಲಿಗೆ ಎಂದು ಇಟ್ಟವನು ಒಂದು ಕ್ಷಣ ಯೋಚಿಸಿದ್ದರೆ ಇಡುತ್ತಿರಲಿಲ್ಲ. ಬೋರ್ಡು ಹಾರದಂತೆ ಮರಳಿನ ಚೀಲ ಬುಡಕ್ಕೆ ಇಟ್ಟರೆ ಸಾಕು. ನೀರು ತುಂಬಬೇಕಾದ ಪ್ಲಾಸ್ಟಿಕ್ ತಡೆಗಳನ್ನು ಖಾಲಿ ಇಡುತ್ತಾರೆ, ಗಾಳಿಗೆ ಅವು ರಸ್ತೆಯ ಮಧ್ಯಕ್ಕೆ ನಡೆದುಬರುತ್ತವೆ. ಕಾಂಕ್ರೀಟ್ ತಡೆಗೋಡೆಯ ಸಾಲು ವಾಹನ ಬರುವ ದಿಕ್ಕಿಗೆ ಚೌಕಾಕಾರದ ಮುಖ ಮಾಡಿ ಥಟ್ಟನೆ ಶುರುವಾಗುತ್ತದೆ. ಹಗ್ಗ ಮಾತ್ರ ಯಾವ ಕಾರಣಕ್ಕೂ ಬೇಡ ಸ್ವಾಮಿ. ರಸ್ತೆಗೆ ಅಡ್ಡ ಕಟ್ಟಿದ ಹಗ್ಗ ಕುತ್ತಿಗೆಗೆ ಸಿಕ್ಕಿ ಸ್ಕೂಟರ್ ಸವಾರ ಸತ್ತ ಸುದ್ದಿಯನ್ನು ನಮ್ಮ ರಾಜ್ಯದಲ್ಲೇ ಓದಿದ್ದೇವೆ.

ಅಮೆರಿಕದ ಪರೀಕ್ಷೆಯನ್ನು ಹಾಗೇ ತಂದರೆ ಸಾಕೆಂದು ನಾನು ಹೇಳಲಾರೆ. ಆ ಪರೀಕ್ಷೆಯಲ್ಲಿ ಬೈಕು ಇಲ್ಲ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಕಾರಿನವನಿಗೆ ಬಂಪರ್ ಇದೆ, ಬೆಲ್ಟ್ ಇದೆ. ನಮಗೆ ಮೊದಲು ತಾಗುವುದು ಮೊಣಕಾಲು, ಕೈ, ತಲೆ. ಆದ್ದರಿಂದ ನಮ್ಮ ರಸ್ತೆಯ ಮಾನದಂಡ ಬೈಕಿನವನನ್ನು ಮುಂದೆ ಕೂರಿಸಿಕೊಂಡು ಆಗಬೇಕು. ಅಗೆದ ಅಂಚು ಎಷ್ಟು ಎತ್ತರದ್ದು, ಡೈವರ್ಶನ್ನಿನ ತಿರುವಿನಲ್ಲಿ ಜಲ್ಲಿ ಚೆಲ್ಲಿದೆಯೇ, ಚರಂಡಿಯ ಮೇಲಿನ ಕಬ್ಬಿಣದ ತಗಡು ಮಳೆಯಲ್ಲಿ ಜಾರುತ್ತದೆಯೇ ಎಂದು ಕೇಳುವವರು ಬೇಕು. ಕಾರಿನಲ್ಲಿ ಹೋಗುವ ಪರಿಶೀಲಕರಿಗೆ ಇವು ಕುಲುಕಾಟ ಮಾತ್ರ.

ಕೆಂಪು ಬಟ್ಟೆ ಬೀಸುತ್ತ ನಿಲ್ಲುವ ಹುಡುಗರ ಬಗ್ಗೆ ಬರೆಯದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಬಂಗಾಳದಿಂದ, ಒಡಿಶಾದಿಂದ ಬಂದವರು. ಒಂದು ರಾತ್ರಿ ಒಬ್ಬನ ಹತ್ತಿರ ಬೈಕು ನಿಲ್ಲಿಸಿ ಮಾತಾಡಿದೆ. ನನ್ನ ಮುರುಕು ಹಿಂದಿ, ಅವನ ಮುರುಕು ಮಲಯಾಳ. ಹೊಳೆಯುವ ಕೋಟು ಅವನಿಗೆ ಕೊಟ್ಟಿದ್ದರು, ತೊಳೆದು ತೊಳೆದು ಅದರ ಪಟ್ಟಿ ಮಾಸಿತ್ತು. ಕೈಯಲ್ಲಿ ಮೊಬೈಲಿನ ಟಾರ್ಚ್. ಬೆನ್ನ ಹಿಂದೆ ರೋಲರ್, ಮುಂದೆ ಕೇರಳ, ಕರ್ನಾಟಕದ ಲಾರಿಗಳು. ಅವನಿಗೆ ಯಾರೂ ಒಂದು ದಿನ ನಿಂತು ಕೈಸನ್ನೆ ಕಲಿಸಿರಲಿಲ್ಲ. ‘ನಿಲ್ಲಿ’, ‘ಹೋಗಿ’ ಎಂದು ಎರಡು ಮುಖದಲ್ಲಿ ಬರೆದ ಹಲಗೆ, ದೀಪದ ದಂಡ, ಹೊಸ ಕೋಟು, ಎಂಟು ಗಂಟೆಗೊಮ್ಮೆ ಬದಲಿ ಮನುಷ್ಯ. ಇಷ್ಟಿದ್ದರೆ ಅವನೂ ಉಳಿಯುತ್ತಾನೆ, ನಾವೂ ಉಳಿಯುತ್ತೇವೆ.

ಭಾಷೆಯ ಮಾತು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳು ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂಬುದು ನಿಮ್ಮ ಕಚೇರಿಗೆ ತಿಳಿದ ವಿಷಯ. ರಸ್ತೆ ಮುಚ್ಚಿದೆ, ಕುಂಬಳೆಗೆ ಹೋಗುವವರು ಈ ಕಡೆ ತಿರುಗಿ ಎಂಬಂಥ ಬರಹ ಬಹಳ ಕಡೆ ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ, ಈಗ ಆಟೋ ಓಡಿಸುವ ನನ್ನ ಅಣ್ಣನಿಗೆ ಎರಡೂ ಬಾರದು. ಗಡಿಯಾಚೆ ವಿಟ್ಲ, ಪುತ್ತೂರಿನಿಂದ ಮದುವೆಗೆಂದು ಬರುವವರಿಗೂ ಅದೇ ಕಷ್ಟ. ವೇಗದಲ್ಲಿ ಯಾರೂ ಅಕ್ಷರ ಓದುವುದಿಲ್ಲ, ಚಿತ್ರ ಮತ್ತು ಬಾಣ ನೋಡುತ್ತಾರೆ, ಅವು ಮೊದಲು ಸರಿ ಇರಲಿ. ಅಕ್ಷರ ಬೇಕಾದಲ್ಲಿ ಕನ್ನಡವೂ ಇರಲಿ, ತಪ್ಪಿಲ್ಲದ ಕನ್ನಡ. ಬರೆದುಕೊಡುವ ಅಧ್ಯಾಪಕರು ಪ್ರತಿ ಪಂಚಾಯತಿನಲ್ಲೂ ಇದ್ದಾರೆ.

2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಇದೇ ಹೆದ್ದಾರಿ ಕುಸಿದಾಗ ಇಡೀ ದೇಶ ನೋಡಿತು. ತಜ್ಞರು ಬಂದರು, ಕ್ರಮ ಆಯಿತು. ಕಲ್ಲಿಗೆ ತಾಗಿ ಬಿದ್ದ ಬೈಕಿನವನನ್ನು ನೋಡಲು ಯಾರೂ ಬರುವುದಿಲ್ಲ. ಅತಿವೇಗ ಎಂದು ಬರೆದರೆ ಕಡತ ಮುಗಿಯಿತು. ಕಾನೂನು ಹಾಗೆ ಹೇಳುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಸುರಕ್ಷಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಹೊಣೆಯಾದರೂ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವಕ್ಕೆ ಒಂದು ಲಕ್ಷ ಬಹಳ ಕಡಿಮೆ ಎಂದು ನನ್ನ ಅಭಿಪ್ರಾಯ. ಆದರೂ ಆ ಕಲಂ ಇದೆ. ಕೆಲಸದ ಜಾಗದಲ್ಲಿ ಅಪಘಾತವಾದಾಗ ಪೊಲೀಸರು ಬೈಕಿನ ಜೊತೆಗೆ ಬೋರ್ಡಿನ ದೂರವನ್ನೂ, ಹಾಳೆಯ ಹೊಳಪನ್ನೂ, ಹಳೆಯ ಗೆರೆ ಅಳಿಸಿದ್ದರೇ ಎಂಬುದನ್ನೂ ಮಹಜರಿನಲ್ಲಿ ಬರೆಯಲಿ. ಬೆಳಗಾಗುವ ಮೊದಲೇ ಬರೆಯಲಿ, ಏಕೆಂದರೆ ಬೆಳಿಗ್ಗೆಗೆ ಹೊಸ ಕೋನುಗಳು ಬಂದು ಸಾಲಾಗಿ ನಿಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಕಾಮಗಾರಿ ನಡೆಯುವ ಪ್ರತಿ ರಸ್ತೆಯ ಪರಿಶೀಲನೆ ರಾತ್ರಿ ನಡೆಯಲಿ, ವಾರಕ್ಕೊಮ್ಮೆ, ಮತ್ತು ದೊಡ್ಡ ಮಳೆ ಬಂದ ಮರುರಾತ್ರಿ. ಪರಿಶೀಲನೆಗೆ ಹೋಗುವವರಲ್ಲಿ ಒಬ್ಬರಾದರೂ ಬೈಕಿನಲ್ಲಿ ಹೋಗಲಿ, ವಾರ್ಡಿನ ಸದಸ್ಯರೂ ಜೊತೆಗಿರಲಿ. ಬರೆದದ್ದನ್ನು ಪಂಚಾಯತಿನ ಬೋರ್ಡಿಗೆ ಹಚ್ಚಲಿ. ಆ ವರದಿ ಸರಿ ಇದ್ದರೆ ಮಾತ್ರ ಸಂಚಾರ ನಿರ್ವಹಣೆಯ ಬಾಬ್ತಿನ ಬಿಲ್ಲು ಪಾಸಾಗುವಂತೆ ಸಂಬಂಧಪಟ್ಟ ಇಲಾಖೆಗಳಿಗೆ ನೀವು ಬರೆಯಿರಿ. ಪ್ರತಿ ಡೈವರ್ಶನ್ನಿನಲ್ಲಿ ರಾತ್ರಿಯೂ ಎತ್ತುವ ಒಂದು ಫೋನ್ ನಂಬ್ರ ಇರಲಿ. ಬಿದ್ದ ಬೋರ್ಡು ಕಂಡರೆ ಹೇಳಲು ನಮಗೆ ಈಗ ಯಾರೂ ಇಲ್ಲ, ನಾವೇ ಇಳಿದು ಎತ್ತಿ ನಿಲ್ಲಿಸಿ ಹೋಗುತ್ತೇವೆ. ಕೆಲಸ ಮುಗಿದ ಕಡೆ ‘ಕೆಲಸ ನಡೆಯುತ್ತಿದೆ’ ಎಂಬ ಬೋರ್ಡನ್ನು ಅದೇ ದಿನ ತೆಗೆಯಿರಿ. ಸುಳ್ಳು ಎಚ್ಚರಿಕೆ ನಾಲ್ಕು ಸಲ ನೋಡಿದವನು ಐದನೆಯದರಲ್ಲಿ ಬ್ರೇಕ್ ಹಿಡಿಯುವುದಿಲ್ಲ.

ಹೆದ್ದಾರಿ ಹಲವು ಕಡೆ ಮುಗಿಯುತ್ತ ಬಂದಿದೆ, ಇನ್ನು ಯಾಕೆ ಎನ್ನುವವರು ಇರಬಹುದು. ಸರ್ವಿಸ್ ರಸ್ತೆ, ಚರಂಡಿ, ಮೇಲ್ಸೇತುವೆ ಎಂದು ಅಗೆತ ಮುಂದುವರಿಯುತ್ತದೆ. ನಂದಾರಪದವಿನಿಂದ ಹೊರಡುವ ಮಲೆನಾಡ ಹೆದ್ದಾರಿ ಇದೆ. ಬದಿಯಡ್ಕ, ಪೆರ್ಲದ ಕಡೆ ಪೈಪಿನ ಕೆಲಸ ಇವತ್ತಲ್ಲ ನಾಳೆ ಇದ್ದೇ ಇದೆ. ಅಲ್ಲಿಯೂ ಅದೇ ಮುರಕಲ್ಲು ಬರುವುದು ಬೇಡ.

ನಮ್ಮ ಮದ್ದಳೆಯವರು ಈಗ ಮತ್ತೆ ಬಾರಿಸುತ್ತಿದ್ದಾರೆ. ಮೊದಲಿನ ನಾದ ಇನ್ನೂ ಪೂರ್ತಿ ಬಂದಿಲ್ಲ, ಮಳೆ ಬಂದರೆ ಕೈ ನೋಯುತ್ತದೆ ಎನ್ನುತ್ತಾರೆ. ಬೈಕು ಬಿಟ್ಟಿಲ್ಲ, ಬೇರೆ ದಾರಿ ಇಲ್ಲ. ಈ ತಿರುಗಾಟದಲ್ಲಿ ಜಿಲ್ಲೆಯೊಳಗೆ ನಮ್ಮ ಆಟ ಬಹಳ ಇದೆ. ನೀವೋ ನಿಮ್ಮ ಪರವಾಗಿ ಒಬ್ಬ ಹಿರಿಯ ಅಧಿಕಾರಿಯೋ ಒಂದು ರಾತ್ರಿ ಬನ್ನಿ. ಆಟ ನೋಡಿ, ಮಂಗಳ ಆದ ಮೇಲೆ ನನ್ನ ಬೈಕಿನ ಹಿಂದೆ ಕೂತುಕೊಳ್ಳಿ. ಹೆಲ್ಮೆಟ್ ನಾನು ತರುತ್ತೇನೆ. ತಲಪಾಡಿಯಿಂದ ಚೆರ್ಕಳದವರೆಗೆ ನಿಧಾನಕ್ಕೆ ಹೋಗೋಣ, ಕಂಡದ್ದನ್ನೆಲ್ಲ ನೀವೇ ಬರೆದುಕೊಳ್ಳಿ.

ನಿಮ್ಮ ವಿಶ್ವಾಸಿ,
ಒಬ್ಬ ಚೆಂಡೆವಾದಕ
ಮಂಜೇಶ್ವರ ತಾಲೂಕು